ಕಾಲು ತೆಗೆದರೂ ಇಳಿಯದ ರೇಸು



ಮೇ ತಿಂಗಳಲ್ಲಿ ಊರಿಗೆ ಹೋಗುವ ಮೊದಲು ಮನೆಯ ಹಳೆಯ ಪೆಟ್ರೋಲ್ ಕಾರನ್ನು ಗ್ಯಾರೇಜಿಗೆ ಬಿಡುವುದು ನಮ್ಮಲ್ಲಿ ರೂಢಿ. ಕೆಲವು ವರ್ಷಗಳ ಹಿಂದೆ ನಾನೂ ಬಿಟ್ಟಿದ್ದೆ. ಮ್ಯಾನಿಫೋಲ್ಡ್ ಪ್ಯಾಕಿಂಗ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು ಕೊಟ್ಟರು. ಮೊದಲ ಸಿಗ್ನಲ್ಲಿನಲ್ಲೇ ತೊಂದರೆ ಶುರು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಎಂಜಿನ್ ಬುಸುಗುಟ್ಟುತ್ತಲೇ ಇತ್ತು. ಮರಳಿ ಒಯ್ದಾಗ ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿ, "ಹೋ ಗಯಾ ಸಾಬ್" ಎಂದ. ಸದ್ದು ಅಡಗಿತು, ರೋಗ ಅಡಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು!

ನಿಮಗೂ ಹೀಗಾದರೆ ಗಾಬರಿ ಬೇಡ. ಬಿಸಿಯಾದ ಪೆಟ್ರೋಲ್ ಎಂಜಿನ್ ನಿಂತಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತದೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಸ್ವಲ್ಪ ಕಾಲ ಹೆಚ್ಚು ತಿರುಗುವುದು ಸಹಜ. ಬಿಸಿಯಾದ ಮೇಲೂ 1500ರಲ್ಲೇ ನಿಂತಿದ್ದರೆ ಎಲ್ಲೋ ಏನೋ ತಪ್ಪಿದೆ ಎಂದು ತಿಳಿಯಿರಿ.

ಇದರ ಗುಟ್ಟು ಗಾಳಿಯಲ್ಲಿದೆ. ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಬಹುತೇಕ ಮುಚ್ಚಿಕೊಂಡು, ಎಂಜಿನ್ನಿಗೆ ಅಳತೆಯ ಗಾಳಿ ಮಾತ್ರ ಸಿಗುತ್ತದೆ. ಆಗ ಮ್ಯಾನಿಫೋಲ್ಡಿನೊಳಗೆ ಒತ್ತಡ ಕಡಿಮೆ. ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಸುರಿಯುತ್ತದೆ. ರೇಸು ಏರದೆ ಇನ್ನೇನಾದೀತು?

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈಚೆಗೆ ಏನನ್ನು ಬಿಚ್ಚಿದರು? ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಎಂಜಿನ್ ನಿಲ್ಲಿಸಿ ಆಕ್ಸಿಲರೇಟರ್ ಕೇಬಲ್ ನೋಡಿ. ಅದು ತುಸು ಸಡಿಲವಿರಬೇಕು, ಬಿಗಿಯಾಗಿದ್ದರೆ ಥ್ರಾಟಲ್ ಪೂರ್ತಿ ಮುಚ್ಚುವುದಿಲ್ಲ. ಕಾಲಡಿಯ ಮ್ಯಾಟ್ ಪೆಡಲನ್ನು ಒತ್ತುತ್ತಿಲ್ಲ ತಾನೆ? ನಂತರ ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಡಿ. ಹಾಕಲು ಮರೆತದ್ದು, ಅರ್ಧ ಸಿಕ್ಕಿಸಿದ್ದು, ಬಿರುಕು ಬಿಟ್ಟದ್ದು ಕಂಡೀತು. ಎಂಜಿನ್ ಓಡುವಾಗ "ಸುಂಯ್" ಎಂಬ ಸದ್ದು ಕೇಳಿದರೆ ಆ ಜಾಗಕ್ಕೆ ಸೋಪಿನ ನೀರು ಸ್ವಲ್ಪ ಚಿಮುಕಿಸಿ. ಸದ್ದು ಬದಲಾದರೆ ಕಳ್ಳ ಅಲ್ಲೇ ಇದ್ದಾನೆ. ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಮಾತ್ರ ಬೇಡ, ಬಿಸಿ ಎಂಜಿನ್ನಿನ ಮೇಲೆ ಬೆಂಕಿ ಹತ್ತೀತು. ಪೈಪು ಸರಿಯಿದ್ದರೆ ಹೊಸ ಪ್ಯಾಕಿಂಗಿನ ಮೇಲೆ ಸಂಶಯ ಪಡಿ. ಹಳೆಯ ಪ್ಯಾಕಿಂಗಿನ ಚೂರು ಉಳಿದಿದ್ದರೂ, ಬೋಲ್ಟ್ ಸಮನಾಗಿ ಬಿಗಿಯದಿದ್ದರೂ ಅಲ್ಲಿ ಗಾಳಿ ಸೋರುತ್ತದೆ.

ಕೂಲಂಟ್ ಬದಲಿಸಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಆಗ ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಮೋಸಹೋಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಥ್ರಾಟಲ್ ತೊಳೆದದ್ದೇ ಆದರೆ ಮಾತು ಬೇರೆ. ಕೊಳೆಗೆ ತಕ್ಕಂತೆ ಒಗ್ಗಿಕೊಂಡ ಕಂಪ್ಯೂಟರಿಗೆ ಹೊಸ ಅಳತೆ ಕಲಿಸಬೇಕಾಗುತ್ತದೆ. ಕ್ರಮ ಗಾಡಿಗೊಂದು ಬಗೆ. ಅದರ ಕೈಪಿಡಿ ನೋಡಿ.

ನನ್ನ ಗಾಡಿಯ ಕಳ್ಳ ಎಲ್ಲಿದ್ದ ಗೊತ್ತೆ? ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪು ಬುಡದಲ್ಲಿ ಸೀಳಿತ್ತು! ಬ್ರೇಕನ್ನು ಹಗುರಾಗಿ ಒತ್ತಲು ನೆರವಾಗುವುದು ಆ ಪೈಪೇ. ಸ್ಕ್ರೂ ನಂಬಿ ಘಾಟಿ ಇಳಿದಿದ್ದರೆ, ಹಿಂದಿನ ಸೀಟಿನಲ್ಲಿ ಅಮ್ಮನೂ ಇದ್ದರು ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ನೀವೂ ಪರೀಕ್ಷಿಸಿ. ಎಂಜಿನ್ ನಿಲ್ಲಿಸಿ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ಒತ್ತಿ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಪರೀಕ್ಷೆಯನ್ನೆಲ್ಲ ಬಯಲಿನಲ್ಲೇ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಇಂಗಾಲದ ಮಾನಾಕ್ಸೈಡ್ ಪ್ರಾಣಾಂತಿಕ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ದುಪಟ್ಟಾ ಫ್ಯಾನಿನಿಂದ ದೂರವಿರಲಿ.

ಇಷ್ಟಾದ ಮೇಲೂ ತಿಳಿಯದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ. ಆದರೆ "ರೇಸು ಕಡಿಮೆ ಮಾಡಿ" ಎನ್ನಬೇಡಿ. "ಗಾಳಿ ಎಲ್ಲಿಂದ ನುಗ್ಗುತ್ತಿದೆ, ತೋರಿಸಿ" ಎನ್ನಿ. ಊರಿನ ದಾರಿ ಸುಖವಾಗಲಿ.