ತಡವರಿಸದ ಲ್ಯಾಪ್‌ಟಾಪಿಗಾಗಿ ಮುಂಬ್ರಾದ ಗಲ್ಲಿಗಳಲ್ಲಿ

ಡೊಂಬಿವಲಿಯಲ್ಲಿ ಮುಂಬಯಿ ಕಡೆಗಿನ ಸ್ಲೋ ಲೋಕಲ್ ಹತ್ತಿದರೆ ಕೋಪರ್, ದಿವಾ, ಅದಾದ ಮೇಲೆ ಮುಂಬ್ರಾ. ಇಳಿದು ತಲೆಯೆತ್ತಿದರೆ ಪಾರಸಿಕ ಗುಡ್ಡ, ಅದರ ಮೇಲೆ ಮುಂಬ್ರಾ ದೇವಿಯ ಗುಡಿ. ಇನ್ನೊಂದು ಮಗ್ಗುಲಿಗೆ ಸಮುದ್ರದ ಹಿನ್ನೀರಿನ ಖಾರಿ. ಈ ಗುಡ್ಡವನ್ನು ಕೊರೆದು 1916ರಲ್ಲಿ ತೆರೆದ ಸುರಂಗದೊಳಗಿಂದ ಫಾಸ್ಟ್ ಗಾಡಿಗಳು ದಶಕಗಳ ಕಾಲ ಈ ಊರನ್ನು ಮುಟ್ಟದೆಯೇ ಠಾಣೆ ಸೇರಿದವು. 1992-93ರ ಗಲಭೆಯ ನಂತರ ಮುಂಬಯಿಯ ನಾನಾ ಮೂಲೆಗಳಿಂದ ಮನೆ ಬಿಟ್ಟು ಬಂದ ಕುಟುಂಬಗಳು ಇಲ್ಲಿ ನೆಲೆ ನಿಂತು ಊರು ಕೌಸಾದ ಆಚೆಗೂ ಬೆಳೆಯಿತು. ಬಂದವರ ಜೊತೆಗೆ ಕೈಕಸುಬೂ ಬಂತು. ಹಳೆಯ ಮುಂಬಯಿ-ಪುಣೆ ರಸ್ತೆಯ ಅಂಚಿನಲ್ಲಿ, ಒಳಗಲ್ಲಿಗಳಲ್ಲಿ, ಮೊಬೈಲು, ಟೀವಿ, ಲ್ಯಾಪ್‌ಟಾಪು ಬಿಚ್ಚಿ ಕೂತವರ ಅಂಗಡಿಗಳು ಬಿರಿಯಾನಿ ಹೋಟೆಲು, ಬುರ್ಖಾ ಅಂಗಡಿಗಳ ನಡುವೆ ಒಂದೆರಡು ಆಳು ಹಿಡಿಸುವಷ್ಟೇ ಜಾಗದಲ್ಲಿ ನಡೆಯುತ್ತವೆ.

ನಾನು ಬಂದದ್ದು ಅಕ್ಕನ ಮಗನ ಜೊತೆ, ಅವನಿಗೊಂದು ಹಳೆಯ ಲ್ಯಾಪ್‌ಟಾಪು ಕೊಳ್ಳಲು. ಹುಡುಗ ಕೀಬೋರ್ಡು ನುಡಿಸುತ್ತಾನೆ. ಶನಿವಾರ, ಭಾನುವಾರ ಅವನಿಗೆ ಬಿಡುವಿಲ್ಲ. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಸುಗಮ ಸಂಗೀತ, ನಡುವೆ ಆಗ್ರಿ-ಕೋಳಿ ಸಮುದಾಯದವರ ಮನೆಗಳ ಮದುವೆಯ ಹಳದಿ ರಾತ್ರಿ. ಅಲ್ಲಿ ಬ್ಯಾಂಜೋ, ಆಕ್ಟೋಪ್ಯಾಡುಗಳ ಜೊತೆಗೆ ಕೂರಬೇಕು. ಮನೆಯಲ್ಲಿ ಟ್ರ್ಯಾಕು ಕಟ್ಟಬೇಕು, ವೇದಿಕೆಯಲ್ಲಿ ಅದೇ ಮಷೀನಿನಿಂದ ಟ್ರ್ಯಾಕು ಬಿಡುತ್ತ ಸ್ಯಾಂಪಲ್ಲುಗಳನ್ನು ನುಡಿಸಬೇಕು. ಕೈಯಲ್ಲಿ ಇಪ್ಪತ್ತೈದು ಸಾವಿರ. ಹೊಸದು ಆ ದುಡ್ಡಿಗೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಬರುವಂಥದು ಸಿಗುವುದಿಲ್ಲ. ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಬಹುದಿತ್ತು. ಮುಂಬ್ರಾವನ್ನು ಆರಿಸಿದ್ದಕ್ಕೆ ಕಾರಣವಿದೆ: ಇಲ್ಲಿ ಮಾರುವವನೇ ಬಿಚ್ಚುವವನು.

ನಾವು ಹೊಕ್ಕ ಅಂಗಡಿಯವರು ಬೋರ್ಡಿನ ಮೇಲೆ ಬಾಗಿ ಸಾಲ್ಡರಿಂಗ್ ಮಾಡುತ್ತಿದ್ದರು. ‘ಚಿಪ್ ಲೆವೆಲ್’ ಕೆಲಸ: ಮೈಕ್ರೋಸ್ಕೋಪು, ಹಾಟ್ ಏರ್ ಗನ್ನು, ಮೂಗಿಗೆ ಬಡಿಯುವ ಫ್ಲಕ್ಸಿನ ವಾಸನೆ. ಹಿಂದಿನ ಗೋಡೆಯುದ್ದಕ್ಕೂ ಕಪ್ಪು ಮಷೀನುಗಳ ಅಟ್ಟಿ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ಕು. ಎಲ್ಲ ‘ಕಂಪನಿ ಲಾಟ್’, ಅಂದರೆ ಐಟಿ ಕಚೇರಿ, ಬ್ಯಾಂಕುಗಳು ಮೂರು-ನಾಲ್ಕು ವರ್ಷ ಬಳಸಿ ಒಟ್ಟಾಗಿ ಹೊರಹಾಕಿದ ಮಾಲು. ಸಂಗೀತಕ್ಕೆ ಇಂಥದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಚೇರಿಗೆಂದು ಮಾಡಿದ ಮಷೀನಿನ ಮೈ ಗಟ್ಟಿ, ಪೋರ್ಟುಗಳು ಹೆಚ್ಚು, ಕೆಲವು ಸ್ಕ್ರೂ ತೆಗೆದರೆ ರ್‍ಯಾಮು, ಎಸ್‌ಎಸ್‌ಡಿ, ಫ್ಯಾನು ಕೈಗೆ ಸಿಗುತ್ತವೆ. ಅದೇ ಬೆಲೆಯ ಮನೆಬಳಕೆಯ ಎಷ್ಟೋ ಮಾದರಿಗಳಲ್ಲಿ ಹಿಂಜು ಸಡಿಲವಾಗಿರುತ್ತದೆ, ಒಳಗೆ ರ್‍ಯಾಮು ಬೆಸೆದಿರುತ್ತದೆ.

ಅಟ್ಟಿಯ ಅರ್ಧದಷ್ಟು ತುಂಬ ಅಗ್ಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ಲಿನ ಎಂಟನೇ ಜನರೇಷನ್ನು ಅಥವಾ ಅದಕ್ಕಿಂತ ಹೊಸದು ಬೇಕು, ಒಂದಿಷ್ಟು ಅಪವಾದ ಬಿಟ್ಟರೆ ಹಿಂದಿನವು ಅದಕ್ಕೆ ಅರ್ಹವಲ್ಲ. ಹಾಗಾಗಿ ಆರನೇ, ಏಳನೇ ಜನರೇಷನ್ನಿನ ಮಷೀನುಗಳು ಮಾರುಕಟ್ಟೆಗೆ ರಾಶಿ ಬಿದ್ದಿವೆ. ಅಲ್ಲಿದ್ದ ಒಂದರ ಮೇಲೆ ‘ಐ7’ ಎಂಬ ಸ್ಟಿಕ್ಕರ್ ಹೊಳೆಯುತ್ತಿತ್ತು. ಹುಡುಗನ ಕಣ್ಣು ಅದರ ಮೇಲೇ.

“ಮಾವ, ಐ7 ಹನ್ನೆರಡು ಸಾವಿರಕ್ಕೆ ಕೊಡ್ತಾರಂತೆ. ಆ ಐ5ಗೆ ಹದಿನೆಂಟು ಹೇಳ್ತಿದ್ದಾರೆ.”

“ಸ್ಟಿಕ್ಕರ್ ಬಿಡೋ, ನಂಬರ್ ನೋಡು” ಎಂದೆ. ಐ7-7600ಯು, ಏಳನೇ ಜನರೇಷನ್ನು, ಒಳಗಿರುವುದು ಎರಡೇ ಕೋರು. ಪಕ್ಕದ ಥಿಂಕ್‌ಪ್ಯಾಡ್ ಟಿ480ರಲ್ಲಿ ಐ5-8350ಯು, ನಾಲ್ಕು ಕೋರು, ಎಂಟು ಥ್ರೆಡ್ಡು. ತೆಳು ಲ್ಯಾಪ್‌ಟಾಪುಗಳ ಇಂಟೆಲ್ ಚಿಪ್ಪಿನಲ್ಲಿ ಕೋರುಗಳು ಎರಡರಿಂದ ನಾಲ್ಕಕ್ಕೆ ಏರಿದ್ದು ಈ ಎಂಟನೇ ಜನರೇಷನ್ನಿನಲ್ಲೇ. ಸಂಗೀತದ ಸಾಫ್ಟ್‌ವೇರು ಪ್ರತಿ ಟ್ರ್ಯಾಕಿನ ಕೆಲಸವನ್ನು ಬೇರೆ ಬೇರೆ ಕೋರಿಗೆ ಹಂಚಬಲ್ಲದು. ಹಾಗಾಗಿ ಈ ಕೆಲಸಕ್ಕೆ ಹಳೆಯ ಐ7ಕ್ಕಿಂತ ಈ ಐ5 ಮೇಲು. ಬೆಲೆಯ ವ್ಯತ್ಯಾಸಕ್ಕೆ ಅರ್ಥವಿದೆ.

ಅಂಗಡಿಯವರು ಆ ಥಿಂಕ್‌ಪ್ಯಾಡ್ ಆನ್ ಮಾಡಿ, ಯೂಟ್ಯೂಬಿನಲ್ಲಿ ಒಂದು ಕವ್ವಾಲಿ ಹಾಕಿ, ವಾಲ್ಯೂಮ್ ಏರಿಸಿ, “ನೋಡಿ, ಮಕ್ಕನ್ ಥರ ಓಡುತ್ತೆ” ಎಂದರು. ಎಲ್ಲ ಅಂಗಡಿಯಲ್ಲೂ ತೋರಿಸುವುದು ಹೀಗೆಯೇ. ಇದರಿಂದ ನಮ್ಮ ಕೆಲಸಕ್ಕೆ ಏನೂ ತಿಳಿಯುವುದಿಲ್ಲ. ಯೂಟ್ಯೂಬು ಮುಂದಿನ ಹಲವು ಸೆಕೆಂಡುಗಳ ಸದ್ದನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ, ಮಷೀನು ನಡುವೆ ಕ್ಷಣಕಾಲ ತೂಕಡಿಸಿದರೂ ಕಿವಿಗೆ ಗೊತ್ತಾಗದು. ವೇದಿಕೆಯಲ್ಲಿ ಕೀಲಿ ಒತ್ತಿದರೆ ಸ್ವರ ಆಗಲೇ ಹೊರಡಬೇಕು. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ಲೆಕ್ಕದಲ್ಲಿ ಸದ್ದನ್ನು ಕಂತುಕಂತಾಗಿ ಕೂಡಿಡುವ ಬಫರನ್ನು 128ಕ್ಕೆ ಇಟ್ಟರೆ ಒಂದೊಂದು ಕಂತಿಗೆ ಸುಮಾರು 3 ಮಿಲಿಸೆಕೆಂಡು, 1024ಕ್ಕೆ ಇಟ್ಟರೆ 23. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. 128 ಎಂದರೆ ಸ್ಪೀಕರು ಒಂದು ಮೀಟರ್ ದೂರದಲ್ಲಿದ್ದಷ್ಟು ತಡ, 1024 ಎಂದರೆ ಎಂಟು ಮೀಟರ್ ಆಚೆ ಇದ್ದಷ್ಟು. ಸದ್ದನ್ನು ಒಳಗೆ-ಹೊರಗೆ ಸಾಗಿಸುವ ಆಡಿಯೋ ಇಂಟರ್‌ಫೇಸಿನ ಸ್ವಂತ ತಡವೂ ಇದಕ್ಕೆ ಸೇರುತ್ತದೆ. ಅಷ್ಟು ತಡವಾಗಿ ಕೇಳುವ ಸ್ವರಕ್ಕೆ ಯಾವ ಕೈಯೂ ತಾಳ ಹಿಡಿಯಲಾರದು.

ಅಂದರೆ ಪ್ರತಿ 3 ಮಿಲಿಸೆಕೆಂಡಿಗೊಮ್ಮೆ ಮಷೀನು ಕೆಲಸ ಒಪ್ಪಿಸಲೇಬೇಕು, ಮೂರು ಗಂಟೆಯ ಕಾರ್ಯಕ್ರಮದುದ್ದಕ್ಕೂ. ಒಂದೇ ಒಂದು ಸಲ ತಪ್ಪಿದರೂ ಸ್ಪೀಕರಿನಲ್ಲಿ ‘ಚಟ್’ ಎನ್ನುತ್ತದೆ. ಆದ್ದರಿಂದ ಮಷೀನಿನ ಸರಾಸರಿ ವೇಗ ಎಷ್ಟು ಎಂದು ಕೇಳಿ ಪ್ರಯೋಜನವಿಲ್ಲ. ಅದರ ಅತಿ ಕೆಟ್ಟ ಗಳಿಗೆ ಎಷ್ಟು ಕೆಟ್ಟದ್ದು ಎಂಬುದನ್ನು ಪರೀಕ್ಷಿಸಬೇಕು.

ಹುಡುಗ ಅದಕ್ಕೆ ತಯಾರಾಗಿಯೇ ಬಂದಿದ್ದ. ಚೀಲದಲ್ಲಿ ತನ್ನ ಆಡಿಯೋ ಇಂಟರ್‌ಫೇಸು, ಹೆಡ್‌ಫೋನು, ಒಂದು ಪೆನ್‌ಡ್ರೈವು. ರೀಪರ್ ಎಂಬ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲೇ ಇನ್‌ಸ್ಟಾಲ್ ಮಾಡಿ ಎಲ್ಲಿ ಬೇಕಾದರೂ ಓಡಿಸಬಹುದು. ಅರವತ್ತು ದಿನ ಬಳಸಿ ನೋಡಲು ಪೂರ್ತಿ ತೆರೆದಿರುತ್ತದೆ. ಎಫ್‌ಎಲ್ ಸ್ಟುಡಿಯೋದ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲಾಗದ್ದರಿಂದ ಇಂಥ ಪರೀಕ್ಷೆಗೆ ಅದು ಒದಗುವುದಿಲ್ಲ. ಇಂಟರ್‌ಫೇಸಿನ ಡ್ರೈವರು ಹಾಕಲು ಅಂಗಡಿಯವರ ಒಪ್ಪಿಗೆ ಕೇಳಿದೆವು. ಅವರಿಗೂ ಕುತೂಹಲ. ಕೈಯಲ್ಲಿದ್ದ ಬೋರ್ಡು ಬದಿಗಿಟ್ಟು ಸ್ಟೂಲು ಎಳೆದುಕೊಂಡರು.

ಹುಡುಗನ ಸ್ವಂತ ಪ್ರಾಜೆಕ್ಟು ತೆರೆಯಿತು: ತಂಬೂರಿ, ತಬಲಾ ಲೂಪು, ತಂತಿವಾದ್ಯಗಳ ಸ್ಯಾಂಪಲ್ಲು, ಮೇಲೆ ರಿವರ್ಬು. ಬಫರ್ 128. ಮೊದಲ ಐದು ನಿಮಿಷ ಸರಾಗ. ಆಮೇಲೆ ಹೆಡ್‌ಫೋನಿನಲ್ಲಿ ಚಟಪಟ ಶುರುವಾಯಿತು. ಲೇಟೆನ್ಸಿಮಾನ್ ಎಂಬ ಉಚಿತ ಸಾಧನ ಯಾವ ಡ್ರೈವರು ಸರದಿ ಮುರಿದು ನುಗ್ಗುತ್ತಿದೆ ಎಂದು ತೋರಿಸುತ್ತದೆ. ಓಡಿಸಿದರೆ ಕೆಂಪು ಗೆರೆ, ಪಕ್ಕದಲ್ಲಿ ವೈಫೈ ಡ್ರೈವರಿನ ಹೆಸರು. ವೈಫೈ ಬಂದ್ ಮಾಡಿದ ಮೇಲೆ ಗೆರೆ ಹಸಿರಿಗೆ ಇಳಿಯಿತು. ಇದು ದೋಷವಲ್ಲ, ವೇದಿಕೆಯ ಮಷೀನಿನಲ್ಲಿ ಹೇಗೂ ವೈಫೈ ಬಂದ್ ಇರಬೇಕು. ಆದರೆ ಹದಿನೈದು ನಿಮಿಷದ ಹೊತ್ತಿಗೆ ಫ್ಯಾನಿನ ಸದ್ದು ಏರಿತು, ಚಟಪಟ ಮರಳಿ ಬಂತು. ಪ್ರೊಸೆಸರಿನ ಶಾಖ ತೊಂಬತ್ತು ಡಿಗ್ರಿ ದಾಟಿತ್ತು, ವೇಗ ತಾನಾಗಿಯೇ ಕುಸಿಯುತ್ತಿತ್ತು. ವೈಫೈಗಿಂತ ಗಂಭೀರವಾದ ಕಾಯಿಲೆ ಇದು.

ಮುಂದಿನದನ್ನು ನೋಡಲೆಂದೇ ಮುಂಬ್ರಾಕ್ಕೆ ಬರಬೇಕು. ಅಂಗಡಿಯವರು ಮಾತಾಡದೆ ಮಷೀನು ತಿರುಗಿಸಿ ಹಿಂಬದಿ ಬಿಚ್ಚಿದರು. ಹೀಟ್‌ಸಿಂಕಿನ ಸಣ್ಣ ಕಿಂಡಿಗಳಲ್ಲಿ ಧೂಳು ದಪ್ಪ ಪದರವಾಗಿ ಒತ್ತಿಕೊಂಡಿತ್ತು. ಚಿಮಟದಿಂದ ಎಳೆದರೆ ಒಂದೇ ಪಟ್ಟಿಯಾಗಿ ಬಂತು. ತಾಮ್ರದ ತಗಡು ಎತ್ತಿದಾಗ ಅದರಡಿಯ ಥರ್ಮಲ್ ಪೇಸ್ಟು ಒಣಗಿ ಬಿಳಿಯ ಪುಡಿಯಾಗಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಚಿಪ್ಪಿನ ಮುಖ ಕನ್ನಡಿಯಾಗುವವರೆಗೆ ಒರೆಸಿದರು, ಅಕ್ಕಿಕಾಳಿನಷ್ಟು ಹೊಸ ಪೇಸ್ಟು ಇಟ್ಟರು, ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಬಿಗಿದರು. ಅದೇ ಪ್ರಾಜೆಕ್ಟು, ಅದೇ 128. ಅರ್ಧ ಗಂಟೆ ಓಡಿಸಿದರೂ ಶಾಖ ಎಪ್ಪತ್ತರ ಆಸುಪಾಸಿನಲ್ಲೇ ನಿಂತಿತು, ಒಂದು ಚಟ್ ಸದ್ದೂ ಇಲ್ಲ. “ಕಂಪನಿಯವರು ನಾಲ್ಕು ವರ್ಷದಲ್ಲಿ ಒಮ್ಮೆಯೂ ತೆಗೆದಿಲ್ಲ ಭಾಯಿ” ಎಂದು ಅವರು ನೊಂದುಕೊಂಡೇ ಹೇಳಿದರು.

ಹಿಂಬದಿ ತೆರೆದಿರುವಾಗಲೇ ಉಳಿದದ್ದನ್ನೂ ನೋಡಿದೆವು. ಟಿ480ರಲ್ಲಿ ರ್‍ಯಾಮಿಗೆ ಎರಡು ಗೂಡು. ಒಂದರಲ್ಲಿ 8 ಜಿಬಿ ಇತ್ತು, ಇನ್ನೊಂದು 8 ಹಾಕಿಸಿದೆವು. ಸ್ಯಾಂಪಲ್ ಲೈಬ್ರರಿ ಬಳಸುವವರಿಗೆ 16ಕ್ಕಿಂತ ಕಡಿಮೆ ಬೇಡ. ಎಸ್‌ಎಸ್‌ಡಿಯ ಆರೋಗ್ಯ, ಎಷ್ಟು ಗಂಟೆ ಓಡಿದೆ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹೇಳುತ್ತದೆ. ಕರಾವಳಿಯ ತೇವದಲ್ಲಿ ನಾನು ತಪ್ಪದೆ ಮಾಡುವ ಇನ್ನೊಂದು ಕೆಲಸ, ಮೊಬೈಲಿನ ಟಾರ್ಚು ಹಾಕಿ ಯುಎಸ್‌ಬಿ, ಹೆಡ್‌ಫೋನ್ ಕಿಂಡಿಗಳ ಒಳಗೆ ಹಸಿರು ಕಿಲುಬು ಇದೆಯೇ ಎಂದು ನೋಡುವುದು. ಕಿಲುಬಿದ್ದರೆ ಮಷೀನು ಯಾವಾಗಲೋ ನೀರನ್ನೋ ತೇವವನ್ನೋ ಕುಡಿದಿದೆ. ಪ್ರತಿ ಯುಎಸ್‌ಬಿಗೂ ಇಂಟರ್‌ಫೇಸು ಸಿಕ್ಕಿಸಿ, ಹಾಡು ಓಡುತ್ತಿರುವಾಗಲೇ ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದೆವು. ಬಲಬದಿಯ ಒಂದು ಪೋರ್ಟು ಸಡಿಲ, ಸಂಪರ್ಕ ಕಡಿಯುತ್ತಿತ್ತು. ಹಳದಿ ರಾತ್ರಿಯ ಕುಣಿತಕ್ಕೆ ಅಲುಗುವ ವೇದಿಕೆಯಲ್ಲಿ ಅಂಥ ಪೋರ್ಟು ಇಡೀ ಕಾರ್ಯಕ್ರಮವನ್ನೇ ಮುಳುಗಿಸುತ್ತದೆ. ಅದನ್ನು ಬದಲಾಯಿಸಿ ಕೊಡುವುದೆಂದು ಮಾತಾಯಿತು. ಈ ಕಾಲದ ಥಿಂಕ್‌ಪ್ಯಾಡುಗಳ ಟೈಪ್-ಸಿ ಪೋರ್ಟು ಕೈಕೊಡದಿರಲು ಲೆನೊವೊ ಥಂಡರ್‌ಬೋಲ್ಟಿನ ಫರ್ಮ್‌ವೇರ್ ಅಪ್‌ಡೇಟ್ ಹೊರಡಿಸಿದೆ. ಅದು ಆಗಿದೆಯೇ ಎಂದು ಕೇಳಿದರೆ ಇಲ್ಲ. ಅಲ್ಲೇ ಹಾಕಿಸಿದೆವು.

ಬ್ಯಾಟರಿಯ ಬಗ್ಗೆ ಸಂಗೀತದವರು ಉದಾಸೀನ ಮಾಡುತ್ತಾರೆ, ಚಾರ್ಜರು ಹಾಕಿಯೇ ಇರುತ್ತದಲ್ಲ ಎಂದು. ಗಣಪತಿಯ ಮಂಟಪದಲ್ಲಿ ಕರೆಂಟು ಹೋಗಿ ಜನರೇಟರು ಹಿಡಿಯುವ ಆ ಅರ್ಧ ನಿಮಿಷ ಮಷೀನು ಬದುಕಿರಬೇಕೆಂದರೆ ಬ್ಯಾಟರಿ ಬೇಕು. ಟಿ480ರಲ್ಲಿ ಒಳಗೊಂದು, ಹೊರಗೊಂದು, ಎರಡು ಬ್ಯಾಟರಿ. ಒಳಗಿನದು ಸರಿಯಿದ್ದರೆ ಹೊರಗಿನದನ್ನು ಮಷೀನು ಓಡುತ್ತಿರುವಾಗಲೇ ಬದಲಾಯಿಸಬಹುದು. ವಿಂಡೋಸಿನ ಬ್ಯಾಟರಿ ರಿಪೋರ್ಟು ತೆಗೆದರೆ ಒಳಗಿನ 24 ವಾಟ್-ಅವರಿನದು 17ಕ್ಕೆ ಇಳಿದಿತ್ತು. ನಡೆಯುತ್ತದೆ.

ನಡುವೆ ಹದಿನೆಂಟರ ಪ್ರಾಯದ ಇನ್ನೊಬ್ಬ ಹುಡುಗ ಬಂದ. ನಾತ್, ಅಂದರೆ ಪ್ರವಾದಿಯ ಸ್ತುತಿಗೀತೆ, ರೆಕಾರ್ಡ್ ಮಾಡಬೇಕಂತೆ, ತಾನೇ ಬರೆದ ರ್‍ಯಾಪೂ ಇದೆಯಂತೆ, ಕೈಯಲ್ಲಿರುವುದು ಎಂಟು ಸಾವಿರ. ಕುರ್ಲಾದ ರ್‍ಯಾಪರ್ ನೇಜಿ 2014ರಲ್ಲಿ ‘ಆಫತ್’ ಹಾಡನ್ನು ಐಪ್ಯಾಡಿನಲ್ಲೇ ರೆಕಾರ್ಡ್ ಮಾಡಿ, ಅದರಲ್ಲೇ ಶೂಟ್ ಮಾಡಿ ಹೆಸರಾದದ್ದು ಈ ಪಟ್ಟಣಗಳ ಹುಡುಗರಿಗೆಲ್ಲ ಬಾಯಿಪಾಠ. ಬರೀ ದನಿ ರೆಕಾರ್ಡ್ ಮಾಡುವವನಿಗೆ ನಮ್ಮ ಲೆಕ್ಕ ಬೇಕಿಲ್ಲ. ನಾಲ್ಕಾರು ಟ್ರ್ಯಾಕಿಗೆ ಆರನೇ ಜನರೇಷನ್ನಿನ ಮಷೀನೂ ಸಾಕು, ರೆಕಾರ್ಡಿಂಗಿನಲ್ಲಿ ಬಫರು ದೊಡ್ಡದಿಟ್ಟು ಇಂಟರ್‌ಫೇಸಿನಿಂದಲೇ ನೇರವಾಗಿ ತನ್ನ ದನಿ ಕೇಳಿಸಿಕೊಂಡರಾಯಿತು. ಉಳಿದ ದುಡ್ಡನ್ನು ಮೈಕಿಗೆ ಹಾಕು ಎಂದೆ. ಅಂಗಡಿಯವರೂ ತಲೆದೂಗಿದರು.

ಗಾಜಿನ ಕಪಾಟಿನಲ್ಲಿ ಒಂದು ಮ್ಯಾಕ್‌ಬುಕ್ ಏರ್ ಎಂ1 ಕೂಡ ಇತ್ತು, ನಮ್ಮ ದುಡ್ಡಿಗೆ ನಿಲುಕದ್ದು. 2020ರ ಕೊನೆಗೆ ಬಂದ ಈ ಮಷೀನಿಗೆ ಫ್ಯಾನೇ ಇಲ್ಲ. ಹಾಡುವವರ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಬಹುದು, ಚಿಕ್ಕ ಬಫರಿನಲ್ಲೂ ಗಟ್ಟಿ ನಿಲ್ಲುತ್ತದೆ. ಆದರೆ ರ್‍ಯಾಮೂ ಸ್ಟೋರೇಜೂ ಬೆಸೆದಿದ್ದು, ಕೊಂಡ ದಿನ ಎಷ್ಟಿತ್ತೋ ಅಷ್ಟೇ. ಇನ್ನೂ ದೊಡ್ಡ ಗಂಡಾಂತರ ಬೀಗದ್ದು. ಹಿಂದಿನವರ ಐಕ್ಲೌಡ್ ಖಾತೆ ಅಥವಾ ಕಂಪನಿಯ ರಿಮೋಟ್ ಮ್ಯಾನೇಜ್‌ಮೆಂಟ್ ಬಿಡಿಸದೆ ಇದ್ದರೆ ದುಡ್ಡು ನೀರಿಗೆ ಹಾಕಿದಂತೆ. ನಮ್ಮ ಕಣ್ಣೆದುರೇ ಪೂರ್ತಿ ಅಳಿಸಿ, ಇಂಟರ್ನೆಟ್ಟಿಗೆ ಜೋಡಿಸಿ, ಹೊಸದಾಗಿ ಸೆಟಪ್ ಮಾಡಿಸಬೇಕು. ಹಾಗೆ ಮಾಡಲು ಹಿಂದೇಟು ಹಾಕುವ ಅಂಗಡಿಯಿಂದ ಎದ್ದು ಬರಬೇಕು.

ಕೊನೆಯ ಪರೀಕ್ಷೆ ಚಾರ್ಜರಿನದು. ಚಾರ್ಜರು ಸಿಕ್ಕಿಸಿ ಹೆಡ್‌ಫೋನನ್ನು ಲ್ಯಾಪ್‌ಟಾಪಿನ ಸ್ವಂತ ಕಿಂಡಿಗೆ ಹಾಕಿ ಕೇಳಿದರೆ ಸಣ್ಣ ಗುಂಯ್ ಸದ್ದು. ಚಾರ್ಜರು ತೆಗೆದರೆ ಇಲ್ಲ. ಡುಪ್ಲಿಕೇಟ್ ಚಾರ್ಜರು. ಒರಿಜಿನಲ್ 65 ವಾಟಿನದು ತರಿಸಿದಾಗ ಬಹಳಷ್ಟು ಕಡಿಮೆಯಾಯಿತು. ಎಷ್ಟೋ ಮಂಟಪಗಳಲ್ಲಿ ಅರ್ಥಿಂಗ್ ಸರಿ ಇರುವುದಿಲ್ಲ, ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಅಲ್ಲಿ ಈ ಗುಂಯ್ ಸಾವಿರಾರು ವಾಟಿನ ಸ್ಪೀಕರಿನಲ್ಲಿ ಏಳುತ್ತದೆ. ಇಂಟರ್‌ಫೇಸಿಗೂ ಮಿಕ್ಸರಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸು ಇಟ್ಟರೆ ಅದಕ್ಕೆ ಮದ್ದು.

ಮಷೀನಿಗೆ ಹದಿನೆಂಟು, ರ್‍ಯಾಮು, ಚಾರ್ಜರು, ಪೋರ್ಟು ಸೇರಿ ಇಪ್ಪತ್ತೊಂದು ಸಾವಿರಕ್ಕೆ ಮುಗಿಯಿತು. ಒಂದು ತಿಂಗಳ ‘ಚೆಕಿಂಗ್ ವಾರಂಟಿ’. ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿ, ಅದು ಮೈಮೇಲಿನ ಸ್ಟಿಕ್ಕರಿನದಕ್ಕೂ ಬಯಾಸ್‌ನಲ್ಲಿರುವುದಕ್ಕೂ ತಾಳೆಯಾಗುವುದನ್ನು ನೋಡಿ, ಬಯಾಸಿಗೆ ಪಾಸ್‌ವರ್ಡ್ ಇಲ್ಲವೆಂದು ಖಚಿತ ಮಾಡಿಕೊಂಡೆವು. ಕದ್ದ ಮಾಲಿನ ಭಯಕ್ಕೆ ಕೊಳ್ಳುವವರ ಕೈಯಲ್ಲಿರುವ ಕಾಗದ ಆ ಬಿಲ್ಲೊಂದೇ.

ವಾಪಸು ಬರುವಾಗ ಚೀಲ ಎದೆಯ ಮೇಲೆ ಹಾಕಿಕೊಳ್ಳಲು ಹುಡುಗನಿಗೆ ಹೇಳಿದೆ, ಎರಡು ತುಂಬಿದ ಗಾಡಿ ಬಿಟ್ಟು ಮೂರನೆಯದನ್ನು ಹತ್ತಿದೆವು. 2025ರ ಜೂನ್ 9ರ ಬೆಳಿಗ್ಗೆ ಇದೇ ಮುಂಬ್ರಾದ ತಿರುವಿನಲ್ಲಿ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಬಿದ್ದು ಪ್ರಾಣ ಕಳೆದುಕೊಂಡದ್ದನ್ನು ಈ ಮಾರ್ಗದವರು ಯಾರೂ ಮರೆತಿಲ್ಲ. ವಾದ್ಯ ಹೊತ್ತು ಓಡಾಡುವ ಹುಡುಗರಿಗೆ ಆ ಜಾಗದಲ್ಲಿ ಅವಸರ ಬೇಡ.

ದಾರಿಯಲ್ಲಿ ಅವನು ಗೇಮು, ಸಿನಿಮಾ ಎಲ್ಲ ಹಾಕಿಕೊಳ್ಳುವ ಯೋಜನೆ ಹೇಳುತ್ತಿದ್ದ. ಬೇಡವೆಂದೆ. ಬೆಂಗಳೂರಿನ ರಾಡೆಲ್‌ನ ಎಲೆಕ್ಟ್ರಾನಿಕ್ ತಂಬೂರಿ ನಾಲ್ಕು ದಶಕಗಳಿಂದ ಸಂಗೀತಗಾರರ ಜೊತೆ ಇದೆ. ಸ್ವಿಚ್ಚು ಒತ್ತಿದರೆ ಶ್ರುತಿ, ಅದರ ಹೊರತು ಬೇರೇನೂ ಇಲ್ಲ. ವೇದಿಕೆಯ ಲ್ಯಾಪ್‌ಟಾಪನ್ನೂ ಆ ಶ್ರುತಿಪೆಟ್ಟಿಗೆಯ ಮಟ್ಟಕ್ಕೆ ತರಬೇಕು: ನೋಟಿಫಿಕೇಷನ್ನು ಬಂದ್, ಸ್ಲೀಪು ಬಂದ್, ಯುಎಸ್‌ಬಿಯ ವಿದ್ಯುತ್ ಉಳಿತಾಯ ಬಂದ್, ಕಾರ್ಯಕ್ರಮದ ವಾರದಲ್ಲಿ ಯಾವ ಅಪ್‌ಡೇಟೂ ಇಲ್ಲ. ಉಳಿದ ನಾಲ್ಕು ಸಾವಿರದಲ್ಲಿ ಡಿಐ ಬಾಕ್ಸು ಕೊಂಡ. ಈಗ ಕಾರ್ಯಕ್ರಮಗಳಲ್ಲಿ ಮಿಕ್ಸರಿನ ಇನ್ನೊಂದು ಚಾನೆಲ್ಲಿಗೆ ಅವೇ ಟ್ರ್ಯಾಕುಗಳು ತುಂಬಿದ ಹಳೆಯ ಮೊಬೈಲನ್ನೂ ಜೋಡಿಸಿಯೇ ಇಡುತ್ತಾನೆ. ಲ್ಯಾಪ್‌ಟಾಪು ಎಷ್ಟೇ ಒಳ್ಳೆಯದಿರಲಿ, ಕುಣಿಯಲು ನಿಂತ ಮಕ್ಕಳನ್ನು ಕಾಯಿಸಬಾರದು ಎಂದು ಆ ಏರ್ಪಾಡನ್ನು ಅವನೇ ಮಾಡಿಕೊಂಡದ್ದು.