ಕೂಸಿನ ಹೃದಯಕ್ಕೆ ‘ವೈರ್’ ಹಾಕಿದ ಮೇಲೆ ಕಾಲು ಮುಟ್ಟಿ ನೋಡ್ರಿ

ಭಾಗ್ಯನಗರ: ‘ಎದಿ ಕೊಯ್ಯಂಗಿಲ್ಲಂತ, ತೊಡಿಯಿಂದ ವೈರ್ ಹಾಕ್ತಾರಂತ, ಏನೂ ತ್ರಾಸಿಲ್ಲ ಬಿಡ್ರಿ.’ ಹುಟ್ಟುತ್ತಲೇ ಹೃದಯದ ತೊಂದರೆ ಕಂಡ ಕೂಸಿನ ಮನೆಯವರಿಗೆ ಜನ ಹೀಗೆ ಧೈರ್ಯ ಹೇಳುವುದುಂಟು. ಎದೆ ಕೊಯ್ಯುವುದಿಲ್ಲ ಎನ್ನುವುದು ಖರೆ. ತ್ರಾಸೇ ಇಲ್ಲ ಎನ್ನುವುದು ಖರೆ ಅಲ್ಲ.

ಸಾವಿರ ಕೂಸು ಹುಟ್ಟಿದರೆ ಸುಮಾರು 8–9 ಕೂಸಿಗೆ ಹೃದಯದ ದೋಷ ಇರುತ್ತದೆ. ಸಣ್ಣ ರಂಧ್ರವಾದರೆ ಎಷ್ಟೋ ಸಲ ತಾನೇ ಮುಚ್ಚುತ್ತದೆ. ಆದರೆ ಮೈ ನೀಲಿಗಟ್ಟಿದ, ಕವಾಟ ಬಿಗಿದುಕೊಂಡ ಕೂಸಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ಆಗ ಕ್ಯಾತೆಟರ್ ಎಂಬ ಸಪೂರ ಕೊಳವೆಯನ್ನು ತೊಡೆಸಂದಿಯ ರಕ್ತನಾಳದಿಂದ ಹೃದಯದವರೆಗೆ ಸಾಗಿಸಿ, ಬಲೂನಿನಿಂದ ಕವಾಟ ಹಿಗ್ಗಿಸುತ್ತಾರೆ, ಇಲ್ಲವೇ ಸ್ಟೆಂಟ್ ಕೂಡಿಸುತ್ತಾರೆ. ಅಮೆರಿಕದ ವೈದ್ಯ ವಿಲಿಯಂ ರ‍್ಯಾಷ್‌ಕೈಂಡ್ 1966ರಲ್ಲೇ ಬಲೂನಿನ ವಿಧಾನ ತೋರಿಸಿಕೊಟ್ಟರು. ಇದರಿಂದ ಬದುಕಿದ ಕೂಸುಗಳು ಬಹಳ. ಹೆದರಿ ಬೇಡ ಅನ್ನುವುದೇ ದೊಡ್ಡ ಅಪಾಯ.

ತೊಂದರೆ ಎಲ್ಲಿ ಅಂದರೆ ಅಳತೆಯಲ್ಲಿ. ಹಸುಗೂಸಿನ ತೊಡೆಯ ಶುದ್ಧ ರಕ್ತದ ನಾಳ ಪೆನ್ನಿನ ರೀಫಿಲ್‌ಗಿಂತ ದಪ್ಪ ಇರುವುದಿಲ್ಲ. ಕೊಳವೆ ಹೋಗಿಬಂದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆಗ ಆ ಕಾಲು ಇನ್ನೊಂದು ಕಾಲಿಗಿಂತ ತಣ್ಣಗಾಗುತ್ತದೆ, ಬಿಳಿಚುತ್ತದೆ. ಬೇಗ ಗೊತ್ತಾದರೆ ಹೆಪಾರಿನ್ ಔಷಧಿ ಕೊಡುತ್ತಾರೆ, ಹೆಚ್ಚಿನ ಕೂಸುಗಳಿಗೆ ಸರಿಹೋಗುತ್ತದೆ. ನಾಳ ಮುಚ್ಚಿಯೇ ಉಳಿದರೆ ಮುಂದೆ ಆ ಕಾಲಿನ ಬೆಳವಣಿಗೆ ಕಡಿಮೆಯಾಗಬಹುದು. ಮತ್ತೊಮ್ಮೆ ಕ್ಯಾತೆಟರ್ ಹಾಕಬೇಕಾದಾಗ ಆ ದಾರಿಯೂ ಸಿಗುವುದಿಲ್ಲ. ಹಾಗಾಗಿ ವಾರ್ಡಿನಲ್ಲಿ ಎರಡೂ ಕಾಲು ಮುಟ್ಟಿ ನೋಡುತ್ತಿರಿ. ವ್ಯತ್ಯಾಸ ಕಂಡರೆ ನರ್ಸಮ್ಮನನ್ನು ಕೂಡಲೇ ಕರೆಯಿರಿ, ‘ಬೆಳಿಗ್ಗೆ ಡಾಕ್ಟ್ರು ಬಂದಾಗ ಹೇಳೋಣ’ ಅನ್ನಬೇಡಿ.

ಇನ್ನೊಂದು ಲೆಕ್ಕ. ಎರಡೂವರೆ ಕಿಲೋ ಕೂಸಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 200 ಮಿಲಿ, ಅರ್ಧ ಲೀಟರ್ ಹಾಲಿನ ಪಾಕೀಟಿನ ಅರ್ಧವೂ ಅಲ್ಲ. ನಮಗೆ ‘ಸ್ವಲ್ಪ ರಕ್ತ’ ಅನಿಸುವುದು ಅದಕ್ಕೆ ಸ್ವಲ್ಪವಲ್ಲ. ಹೃದಯದ ಬಡಿತ ತಪ್ಪುವುದು, ಕೂಡಿಸಿದ ಸಾಧನ ಜಾರುವುದು, ಅಪರೂಪಕ್ಕೆ ಹೃದಯದ ಗೋಡೆ ಹರಿಯುವುದೂ ಉಂಟು. ಹಾಗೇನಾದರೂ ಆದರೆ ಎದೆ ತೆರೆಯುವ ಸರ್ಜನ್ ಅಲ್ಲೇ ಇದ್ದಾರಾ ಎಂದು ಸಹಿ ಹಾಕುವ ಮೊದಲೇ ಕೇಳಿ. ಕೇಳಿದರೆ ತಪ್ಪಲ್ಲ.

ಖರ್ಚಿನ ಚಿಂತೆ ಇದ್ದವರು ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ವಿಚಾರಿಸಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಟ್ಟು ಹೃದಯದ ದೋಷವೂ ಸೇರಿದೆ.

ಊರಿಗೆ ಬಂದ ಮೇಲೆ ಜ್ವರ, ತೊಡೆಸಂದಿಯಲ್ಲಿ ಬಾವು, ಹಾಲು ಕುಡಿಯದಿರುವುದು, ಮತ್ತೆ ನೀಲಿಯಾಗುವುದು ಕಂಡರೆ ತಡಮಾಡಬೇಡಿ. ಸ್ಟೆಂಟ್ ಹಾಕಿದ ಕೂಸಿಗೆ ವಾಂತಿಭೇದಿ ಆದರೂ ಅಂದೇ ಆಸ್ಪತ್ರೆಗೆ ಒಯ್ಯಿರಿ. ಮೈಯ ನೀರು ಇಳಿದರೆ ಸ್ಟೆಂಟ್ ಒಳಗೆ ರಕ್ತ ಕಟ್ಟಬಹುದು. ಅವರು ಬರೆದುಕೊಟ್ಟ ಆಸ್ಪಿರಿನ್ ಅನ್ನು ‘ಕೂಸು ಆರಾಮೈತಿ’ ಎಂದು ನೀವಾಗಿಯೇ ಬಿಡಿಸಬೇಡಿ.