ತಾಯಿಯನ್ನು ಯಾರ ಕೈಗೆ ಒಪ್ಪಿಸುತ್ತಿದ್ದೀರಿ?



ಕಳೆದ ತಿಂಗಳು ಜುಮಾ ಮುಗಿದ ಮೇಲೆ ನಮ್ಮ ಜಮಾಅತಿನ ಯುವಕನೊಬ್ಬ ಬಂದು ಅತ್ತುಬಿಟ್ಟ. ಗಲ್ಫಿನಲ್ಲಿ ದುಡಿಯುವವನು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಾಯಿಯನ್ನು ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದ. ಹೊಳೆಯುವ ನೆಲ, ಎದುರಿಗೆ ಹೂದೋಟ. ರಜೆಗೆ ಬಂದು ನೋಡಿದರೆ ತಾಯಿಯ ಸೊಂಟದ ಹಿಂದೆ ಆಳವಾದ ಹುಣ್ಣು. "ಉಸ್ತಾದ್, ನಾನು ಕಟ್ಟಡ ನೋಡಿದೆ, ಕೆಲಸದವರನ್ನು ನೋಡಲಿಲ್ಲ" ಎಂದ.

ಹೆತ್ತವರೆದುರು ಬೇಸರದ ಒಂದು ಉದ್ಗಾರವೂ ಬಾರದಿರಲಿ ಎಂದು ಸೂರಃ ಬನೀ ಇಸ್ರಾಈಲ್‌ನ 23ನೇ ಆಯತ್ ನಮಗೆ ಕಲಿಸುತ್ತದೆ. ಆರೈಕೆ ಕೇಂದ್ರಕ್ಕೆ ಸೇರಿಸುವುದೇ ತಪ್ಪು ಎಂದು ನಾನು ಹೇಳಲಾರೆ. ಮನೆಯಲ್ಲಿ ಎತ್ತಿ ಕೂರಿಸಲು ಜನವಿಲ್ಲದಿದ್ದರೆ ಅದು ಅನಿವಾರ್ಯ. ಆದರೆ ಸೇರಿಸಿದ ಮೇಲೂ ಹೊಣೆ ಮಕ್ಕಳದೇ. ಹಿರಿಯರನ್ನು ಕೈಬಿಡುವುದು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅಪರಾಧವೂ ಹೌದು.

ಸೇರಿಸುವ ಮೊದಲು ಇವನ್ನು ವಿಚಾರಿಸಿ:

ಒಂದು, ರಾತ್ರಿ ಎಷ್ಟು ಮಂದಿ ಇರುತ್ತಾರೆ? ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಹುಣ್ಣಾಗುತ್ತದೆ. ಮಗ್ಗುಲು ತಿರುಗಿಸಿ, ಬಟ್ಟೆ ಬದಲಿಸಲು ಒಬ್ಬರಿಗೆ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಅಂಥ 20 ಮಂದಿಗೆ ಒಬ್ಬಳೇ ಆಯಾ ಇದ್ದರೆ ಒಂದು ಸುತ್ತಿಗೇ 200 ನಿಮಿಷ ಬೇಕು. ಅವಳೆಷ್ಟೇ ಒಳ್ಳೆಯವಳಾದರೂ ಆಗದ ಕೆಲಸ.

ಎರಡು, ಇನ್ಸುಲಿನ್ ಕೊಡುವವರು ತರಬೇತಿಯಾದ ನರ್ಸೋ, ಆಯಾನೋ? ಔಷಧಿ ಕೊಟ್ಟ ಹೊತ್ತನ್ನು ಬರೆದಿಡುತ್ತಾರೆಯೇ? ಕೆಲಸದವರು ಪದೇ ಪದೇ ಬಿಟ್ಟುಹೋಗುತ್ತಾರೆಯೇ?

ಮೂರು, ಹೆಂಗಸರಿಗೆ ಸ್ನಾನ ಮಾಡಿಸಲು ಹೆಂಗಸರೇ ಇದ್ದಾರೆಯೇ? ವುಝೂ ಅಥವಾ ತಯಮ್ಮುಮ್‌ಗೆ ನೆರವಾಗುತ್ತಾರೆಯೇ?

ಸೇರಿಸಿದ ಮೇಲೆ, ಹೇಳದೆ ಊಟದ ಹೊತ್ತಿಗೆ ಹೋಗಿ. ನೀರು ಕೈಗೆಟಕುವಂತಿದೆಯೇ, ತುಟಿ ಒಣಗಿದೆಯೇ, ಉಗುರು ಕತ್ತರಿಸಿದ್ದಾರೆಯೇ, ಕೋಣೆಯಲ್ಲಿ ಮೂತ್ರದ ವಾಸನೆಯಿದೆಯೇ ನೋಡಿ. ಹೊದಿಕೆ ಸರಿಸಿ ಹಿಮ್ಮಡಿ, ಸೊಂಟ ನೋಡಲು ಮಗಳೋ ಸೊಸೆಯೋ ಸಂಕೋಚಪಡಬಾರದು. ಸದಾ ತೂಕಡಿಸುತ್ತಿದ್ದರೆ ಯಾವ ಮಾತ್ರೆ ಕೊಡುತ್ತಿದ್ದಾರೆಂದು ಕೇಳಿ.

ಲೋಪ ಕಂಡರೆ ಮೊದಲು ಕೇಂದ್ರದವರಿಗೆ ಹೇಳಿ. ಕೇಳದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ದೂರದಲ್ಲಿರುವವರೇ, ವಿಡಿಯೋ ಕರೆಯಲ್ಲಿ ಕಾಣುವುದು ಮುಖ ಮಾತ್ರ, ಬೆನ್ನಲ್ಲ. ವಾರಕ್ಕೊಮ್ಮೆಯಾದರೂ ನಿಮ್ಮವರೊಬ್ಬರನ್ನು ಕಳುಹಿಸಿ. ಯಾರೂ ಇಲ್ಲವೆಂದರೆ ಮಸೀದಿಗೆ ತಿಳಿಸಿ, ನಮ್ಮ ಜಮಾಅತಿನ ಹೆಂಗಸರು ಹೋಗಿ ನೋಡಿ ಬರುತ್ತಾರೆ.

ಹೆತ್ತವರ ಹಕ್ಕು ತೀರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.